ಸನ್ಮಾನದ ನಂತರದ ಮತದಾನ

ಜನವರಿಯ ವಾಷಿಂಗ್ಟನ್. ಸಂಚಾರ ಸಂಶೋಧಕರ ವಾರ್ಷಿಕ ಸಮ್ಮೇಳನದ ಕಾಫಿ ಸಾಲಿನಲ್ಲಿ ನಡೀನ್ ನಿಂತಿದ್ದಳು. ಸಿಗ್ನಲ್ ಸಮಿತಿಯಲ್ಲಿ ತನಗೊಂದು ಜಾಗ ಸಿಗಬಹುದೇ ಎಂದು ವಿಚಾರಿಸಲು ಬಂದವಳು. ಮುಂದೆ ನಿಂತಿದ್ದ ಇಬ್ಬರು ಹೆಂಗಸರು ಅದೇ ಸಮಿತಿಯ ಮಾತಾಡುತ್ತಿದ್ದರು. ನರೆಗೂದಲಿನ ಲೊರೇನಳ ಕಂಕುಳಲ್ಲಿ ಸನ್ಮಾನದ ಫಲಕವಿತ್ತು.

“ಫಲಕ ಚೆನ್ನಾಗಿದೆ ಕಣೇ,” ಎಂದಳು ಅವಳ ಗೆಳತಿ ಜೋನೆಲ್.

“ಬೇಕಾದ್ರೆ ನೀನೇ ಇಟ್ಕೋ. ಈರುಳ್ಳಿ ಹೆಚ್ಚೋಕಾಗತ್ತೆ.”

“ಯಾಕೇ, ನಿನ್ನ ಠರಾವು ಬಿದ್ದುಹೋಯ್ತಾ?”

“ಒಂದೇ ಒಂದು ಮತ ಕಮ್ಮಿಯಾಗಿ.”

“ವಯಸ್ಸಾದವರು ರಸ್ತೆ ದಾಟೋಕೆ ಇನ್ನೊಂಚೂರು ಹೊತ್ತು ಕೊಡಿ ಅಂದ್ರೆ, ಅದಕ್ಕೂ ಬೇಡ ಅಂದ್ರಾ?”

“ಕಾರುಗಳು ಕಾಯಬೇಕಾಗತ್ತಂತೆ.”

“ನಿನ್ನ ಮತ ಸೇರಿಸಿದ್ರೂ ಸಾಲಲಿಲ್ವಾ?”

“ನನಗೆಲ್ಲಿತ್ತು ಮತ? ಅವಧಿ ಮುಗಿದವರು ಸನ್ಮಾನ ಆದ ಕೂಡಲೇ ಬರೀ ‘ಸಮಿತಿಯ ಸ್ನೇಹಿತರು’. ಮೇಜು ಬಿಟ್ಟು ಗೋಡೆ ಪಕ್ಕದ ಕುರ್ಚಿಗೆ ಹೋಗಬೇಕು. ಕೈ ಎತ್ತೋ ಹಾಗಿಲ್ಲ.”

“ಸನ್ಮಾನ ಯಾವಾಗಲೂ ಕೊನೇಲಲ್ವೇನೇ?”

“ಈ ಸಲ ಅದೇ ಮೊದಲು. ಠರಾವು ಆಮೇಲೆ.”

“ಹಾಗೆ ಜೋಡಿಸಿದ ಪುಣ್ಯಾತ್ಮ ಯಾರು?”

“ಅಧ್ಯಕ್ಷರು. ನಮ್ಮ ಗ್ಯಾರೆಟ್.”

“ನೀನೇ ಕೂರಿಸಿಕೊಂಡು ಕೆಲಸ ಕಲಿಸಿದವನು! ಅವನ ಮುಖಕ್ಕೆ ಏನೂ ಅನ್ನಲಿಲ್ವಾ?”

ಲೊರೇನ್ ಕಾಫಿ ಲೋಟಕ್ಕೆ ಮುಚ್ಚಳ ಒತ್ತಿದಳು.

“ಅಂದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ತಿದ್ರು. ಠರಾವು ಇನ್ನೂ ಬಂದಿರಲಿಲ್ಲ. ನಿನ್ನ ಉಪಕಾರ ಮರೆಯಲ್ಲ ಕಣೋ ಅಂತ ಅವನನ್ನ ತಬ್ಬಿಕೊಂಡು ಅತ್ತುಬಿಟ್ಟೆ, ಮಾರಾಯ್ತಿ.”

ಇಬ್ಬರೂ ಲೋಟ ಹಿಡಿದು ಮೆಟ್ಟಿಲಿನತ್ತ ನಡೆದರು.