ಕಡೇ ಸೀಟಿನವಳು ಹೇಳಿದ್ದು

...ಇಲ್ಲ, ನಾನಿನ್ನೂ ಮುಗಿಸಿಲ್ಲ. ಕೂತ್ಕೋ ಪಂಕಜಾ. ಸೆರಗು ಆಮೇಲೆ ಹಿಂಡಿಕೊಳ್ಳುವೆಯಂತೆ. ಶಾಮಣ್ಣನೋರು ಏನಂದ್ರು? ನೀವಿಬ್ಬರೇ ಕೂತು ಮಾತಾಡಿಕೊಳ್ಳಿ, ನಾನು ದೋಣಿ ಒರೆಸಿ ಬರೋ ಹೊತ್ತಿಗೆ ಇಬ್ಬರಲ್ಲಿ ಯಾರು ಟೀಮಿನಿಂದ ಇಳೀತೀರಿ ಅಂತ ನೀವೇ ಹೇಳಿ ಅಂದ್ರು ತಾನೆ? ಹಾಗಿದ್ದ ಮೇಲೆ ಕೇಳು.

ಮೂತಿ ತಿರುವಬೇಡ. ರೂಲು ನಾನು ಮಾಡಿದ್ದಲ್ಲ. ನೀರಿನಿಂದ ಬಂದ ಮೇಲೆ ಹಿಂದೆ ಕೂತೋರು ಮುಂದೆ ಕೂತೋರ ತಪ್ಪು ಹೇಳಬೇಕು, ಹೇಳಿಸಿಕೊಳ್ಳೋರು ಅದು ಮುಗಿಯೋವರೆಗೂ ತುಟಿ ಪಿಟಕ್ಕನ್ನಬಾರದು. ಮಿಲಿಟರೀಲಿ ಇಪ್ಪತ್ತು ವರ್ಷ ದೋಣಿ ನಡೆಸಿದ ಮನುಷ್ಯ, ಹೆಂಗಸರ ಟೀಮು ಕಟ್ಟಿದ ಮೊದಲನೇ ದಿನವೇ ಹಾಗಂತ ಹೇಳಿದ್ರು. ಎದುರು ಮಾತಾಡೋಕೆ ಬಿಟ್ರೆ ಹೆಂಗಸರು ಕತ್ತಲಾಗೋವರೆಗೂ ಏಳಲ್ಲ ಅಂತ ಅವರ ಲೆಕ್ಕ. ಅವರ ಮನೆಯೋರನ್ನ ನೋಡಿ ಹೇಳಿರಬೇಕು.

ನಗ್ತೀಯಾ? ನಗು. ಬೆಳಿಗ್ಗೆ ಏರಿ ಮೇಲೆ ನಿಂತಿದ್ದ ಕಾಲೇಜು ಹುಡುಗರೂ ಹೀಗೇ ನಕ್ಕರು. ದೋಣಿ ಹೋಗಿ ಕಲ್ಲುಕಟ್ಟೆಗೆ ಗುದ್ದಿದಾಗ ಒಬ್ಬ ಅಂತಾನೆ, ಅಮ್ಮನೋರೇ, ಕುಕ್ಕರಹಳ್ಳಿ ಕೆರೆ ಇಷ್ಟು ಅಗಲ ಇದೆ, ನಿಮಗೆ ಸಾಲಲಿಲ್ವಾ ಅಂತ. ನನಗೆ ಮೈ ಉರಿದು ಹೋಯಿತು. ಭಾನುವಾರ ಪಂದ್ಯಕ್ಕೆ ಬೆಂಗಳೂರಿನೋರು ಬರ್ತಾರೆ, ಇವತ್ತು ನಾವು ಕಟ್ಟೆಗೆ ಗುದ್ದಿ ಕೂತಿದ್ದೀವಿ.

ಈಗ ನಿನ್ನ ತಪ್ಪು ಹೇಳ್ತೀನಿ. ಎರಡು ಹುಟ್ಟು ಎಡಕ್ಕೆ, ಎರಡು ಬಲಕ್ಕೆ. ನಿನ್ನದು ಒಂದು ಕಡೆ, ನನ್ನದು ಅದರ ಎದುರು ಕಡೆ. ದೋಣಿ ನನ್ನ ಕಡೆಗೇ ತಿರುಗಿಕೊಂಡು ಹೋಯಿತು ಅಂದ್ರೆ ಏನರ್ಥ? ನಿನ್ನ ಕಡೆ ಎಳೆತ ಜಾಸ್ತಿ ಆಯಿತು ಅಂತ. ಇದಕ್ಕೆ ಬಿ.ಎ. ಓದಬೇಕಿಲ್ಲ, ನನ್ನ ಎಸ್ಸೆಸ್ಸೆಲ್ಸಿ ಸಾಕು. ಹದಿನೈದು ದಿನದಿಂದ ನೀನು ಎಳೀತಿದ್ದದ್ದೇ ಹಪ್ಪಳ ತಿರುವಿ ಹಾಕಿದ ಹಾಗೆ. ಬೆನ್ನು ಬಗ್ಗಿಸು ಪಂಕಜಾ, ಬೆನ್ನು ಬಗ್ಗಿಸು ಅಂತ ಶಾಮಣ್ಣನೋರು ದಿನಾ ಬಯ್ದರು. ನೀನು ಬಯ್ಸಿಕೊಂಡು ಸುಮ್ಮನಿದ್ದೆ. ಅಂಥೋಳಿಗೆ ಇವತ್ತು, ಪರೀಕ್ಷೆ ದಿನ, ಮೈಮೇಲೆ ಏನು ಬಂತು? ಹೇಳದೆ ಕೇಳದೆ ಹಾಗೆ ಜಗ್ಗಿದರೆ ದೋಣಿ ಇನ್ನೆಲ್ಲಿಗೆ ಹೋಗುತ್ತೆ?

ಏನು ತಲೆ ಆಡಿಸ್ತೀಯಾ? ನಾನು ನೋಡಿದ್ದೀನಿ. ದೋಣಿ ಹೋಗೋ ಕಡೆಗೆ ಬೆನ್ನು ಮಾಡಿ ಕೂರ್ತೀವಲ್ಲ, ಎಲ್ಲರ ಹಿಂದೆ ಕೂರೋಳು ನಾನು. ಮೂರು ಬೆನ್ನೂ ನನ್ನ ಕಣ್ಣ ಮುಂದೆ. ನನ್ನ ಬೆನ್ನು ನೋಡೋರು ಯಾರೂ ಇಲ್ಲ, ಅದಕ್ಕೇ ನನಗೆ ಇದುವರೆಗೂ ಒಬ್ಬರೂ ಒಂದು ತಪ್ಪು ಹೇಳಿಲ್ಲ. ನಿನ್ನ ಮುಂದೆ ಕೂರೋ ಅಂಬುಜಾ ಅದನ್ನೇ ಆಡ್ಕೊಂಡಳಂತಲ್ಲ, ಪ್ರೇಮಲೀಲಾಗೇನಮ್ಮ, ಹೇಳೋ ಬಾಯಿದೆ, ಕೇಳೋ ಕಿವಿ ಇಲ್ಲ ಅಂತ. ಆಡ್ಕೊಳ್ಳಲಿ. ಕಡೇ ಸೀಟು ನಾನೇನು ಕೇಳಿ ಇಸ್ಕೊಂಡಿದ್ದಲ್ಲ, ಹಗುರ ಇದ್ದೀಯಾ ಅಂತ ಅವರೇ ಕೂರಿಸಿದ್ದು.

ಆ ಸೀಟು ಬಿಡು ಅಂದ್ರೆ ನಾನು ಬಿಡಲ್ಲ ಕಣೇ. ನಿನಗೇನು, ಇದು ಹೋದರೆ ನಿನ್ನ ಕಾಲೇಜಿದೆ, ನಾಟಕ ಇದೆ, ಸಾವಿರ ಇದೆ. ನನಗೆ ಬೆಳಿಗ್ಗೆ ಈ ಒಂದು ಗಂಟೆ. ಮಿಕ್ಕ ಇಪ್ಪತ್ಮೂರೂ ಮನೆಯೋರದ್ದು. ಮಗೂಗೆ ಹಾಲು ಕುಡಿಸಿ, ಪಕ್ಕದ ಮನೆ ಲಕ್ಷ್ಮಮ್ಮನ ಮಡಿಲಿಗೆ ಹಾಕಿ ಓಡಿ ಬರ್ತೀನಿ. ಕಚ್ಚೆ ಹಾಕ್ಕೊಂಡು ಗಂಡಸರ ಹಾಗೆ ಹುಟ್ಟು ಹಾಕ್ತಾಳೆ ಅಂತ ನಮ್ಮತ್ತೆ ಬೀದೀಗೆಲ್ಲ ಸಾರಿದ್ದಾರೆ. ಭಾನುವಾರ ನೋಡೋಕೆ ಬನ್ನಿ ಅಂತ ನಾನೂ ಬೀದೀಗೆಲ್ಲ ಹೇಳಿ ಬಂದಿದ್ದೀನಿ. ಈಗ ಯಾರು ಇಳೀತಾರೋ ಅಂತ ಕಾಯ್ತಾ ಇರೋ ಆ ಚಾಮುಂಡೇಶ್ವರಿ ನನ್ನ ಸೀಟಲ್ಲಿ ಕೂತು, ನಾನು ದಡದ ಮೇಲೆ ಮಗು ಎತ್ಕೊಂಡು ನಿಂತಿದ್ದರೆ ನಮ್ಮತ್ತೆ ಮುಖ ನೋಡೋಕಾಗುತ್ತಾ?

ಹೂಂ... ಅತ್ತೆ ಮಾತು ಬಂದರೆ ಮಾತ್ರ ನಿನಗೆ ಕನಿಕರ. ಆವತ್ತು ಬರಲಿಲ್ಲ. ಹದಿನೈದು ದಿನದ ಹಿಂದೆ, ಕೆರೆ ಮಧ್ಯದಲ್ಲಿ ದೋಣಿ ಒಂದು ಮಗ್ಗುಲಿಗೆ ವಾಲಿತಲ್ಲ, ಮೊಣಕಾಲವರೆಗೂ ನೀರು ಬಂತಲ್ಲ, ನಾನು ಹುಟ್ಟು ಬಿಟ್ಟು ದೋಣಿ ಅಂಚು ಹಿಡ್ಕೊಂಡೆ. ನೀನು ಹಿಂದಕ್ಕೆ ತಿರುಗಿ ನೋಡಿದೆ. ನಕ್ಕೆ...

ನಗಲಿಲ್ವಾ? ಹಲ್ಲು ಕಾಣಿಸ್ತು ನನಗೆ.

ಸರಿ, ನಕ್ಕಿಲ್ಲ ಅಂತಲೇ ಇಟ್ಟುಕೋ. ಆದರೆ ಕಡೇ ಮಾತು ಇದು. ಇವತ್ತಿನ ತಪ್ಪು ನಿನ್ನದು. ಶಾಮಣ್ಣನೋರು ಬಂದಾಗ ನೀನೇ ಹೇಳು, ನಾನು ಇಳೀತೀನಿ ಅಂತ. ಆಯಿತು, ನನ್ನದು ಮುಗೀತು. ಇನ್ನು ನೀನು ಬಾಯಿ ಬಿಡಬಹುದು.

ಯಾಕೆ, ನೆಲಕ್ಕೆ ಬಗ್ಗಿದೆ? ಮುಗೀತು ಅಂದೆನಲ್ಲ, ಮಾತಾಡು.

ಮಣ್ಣಲ್ಲಿ ಏನು ಗೀಚ್ತಾ ಇದ್ದೀಯಾ? ರಂಗೋಲಿ ಹಾಕೋ ಹೊತ್ತಾ ಇದು? ಎಲ್ಲಿ, ಸರಿ ಈ ಕಡೆ... ದೋಣಿ. ದೋಣಿ ಪಕ್ಕ ಸೊನ್ನೆಗಳು. ಒಂದು, ಎರಡು, ಮೂರು. ಇದೇನು, ಹುಟ್ಟು ಮೇಲಕ್ಕೆ ಎತ್ತಿದ ಕಡೆ ನೀರಲ್ಲಿ ಸುಳಿ ಸುತ್ತುತ್ತಲ್ಲ, ಅದಾ? ಹಾಗಾದರೆ ನಾಲ್ಕಿರಬೇಕು. ನನ್ನದು ಎಲ್ಲಿ?

ಈ ಚುಕ್ಕೆನಾ?

...

ನಾನು ಎಲ್ಲರ ಹಿಂದೆ, ಅಂದ್ರೆ ದೋಣಿ ಹೋಗೋ ಕಡೆ ತುದೀಲಿ, ಕೂತಿರ್ತೀನಿ. ದೋಣಿ ಮುಂದಕ್ಕೆ ಹೋಗುತ್ತೆ, ಸುಳಿ ನಿಂತಲ್ಲೇ ಇರುತ್ತೆ. ಅಂದ್ರೆ ನನ್ನ ಹುಟ್ಟಿನ ಸುಳಿ ನಿನ್ನ ಪಕ್ಕದಲ್ಲೇ ಹಾದು, ಅಂಬುಜಾಳ ಪಕ್ಕದಲ್ಲಿ ಹಾದು... ಬೆನ್ನು ಕಾಣಲ್ಲ ಅಂತ ನಾನು ಧೈರ್ಯವಾಗಿದ್ದೆ. ನೀವೆಲ್ಲ ನೀರು ನೋಡ್ತಿದ್ದಿರಿ.

ಎಷ್ಟು ದಿನದಿಂದ? ಹೇಳೇ. ಹೀಗೆ ನೋಡಬೇಡ, ಬಾಯಿ ಬಿಟ್ಟು ಹೇಳು. ಆ ದಿನದಿಂದಲಾ?

ಹದಿನೈದು ದಿನ ನೀನು ಮೆತ್ತಗೆ ಎಳೆದದ್ದು... ದೋಣಿ ನೆಟ್ಟಗೆ ಹೋಗಲಿ ಅಂತಲಾ? ನಾನು ಬರೀ ಹುಟ್ಟು ಅದ್ದಿ ತೆಗೀತಿದ್ದೆ ಅಂತ ಗೊತ್ತಾಗದೆ ಇರಲಿ ಅಂತಲಾ? ಇವತ್ತು ಪರೀಕ್ಷೆ ಅಂತ ನೀನು ಸರಿಯಾಗಿ ಎಳೆದೆ. ಅಷ್ಟೇ. ಸರಿಯಾಗಿ ಎಳೆದೆ.

ಅವರ ಹತ್ತಿರ ಯಾಕೆ ಹೇಳಲಿಲ್ಲ ನೀನು? ಬಯ್ಸಿಕೊಂಡು ಕೂತೆಯಲ್ಲ, ನಾನು ಹಿಂದಿನಿಂದ ಹೂಂ ಹೂಂ ಅಂತ ತಾಳ ಹಾಕ್ತಿದ್ದೆನಲ್ಲ, ಆಗಲಾದರೂ ತಿರುಗಿ ನನ್ನ ಕೆನ್ನೆಗೆ ಬಿಡಬಾರದಿತ್ತಾ? ಕೋಪ ಬರುತ್ತೆ ನನಗೆ ನಿನ್ನ ಮೇಲೆ. ಈಗಲೂ ಬರ್ತಿದೆ.

ನನಗೆ ಈಜು ಬರಲ್ಲ ಪಂಕಜಾ. ಫಾರಂನಲ್ಲಿ ಬರುತ್ತೆ ಅಂತ ಬರೆದೆ. ನಮ್ಮೂರು ಹಿನಕಲ್ಲಿನಲ್ಲಿ ಗಂಡು ಹುಡುಗರು ಬಾವಿಗೆ ಹಾರೋರು, ನಾವು ಮೇಲೆ ನಿಂತು ಅವರ ಬಟ್ಟೆ ಕಾಯೋರು. ನನ್ನ ಈಜು ಅಷ್ಟೇ. ಬರಲ್ಲ ಅಂದರೆ ಸೇರಿಸಿಕೊಳ್ತಿರಲಿಲ್ಲ. ಆವತ್ತು ದೋಣಿ ವಾಲಿದಾಗ ಮಗು ಬಾಯಲ್ಲಿ ಬೆರಳಿಟ್ಟುಕೊಂಡು ಲಕ್ಷ್ಮಮ್ಮನ ಬಾಗಿಲಲ್ಲಿ ಕೂತಿದ್ದದ್ದೇ ಕಣ್ಣಿಗೆ ಕಟ್ಟಿತು. ಅಲ್ಲಿಂದ ಹುಟ್ಟು ಆಳಕ್ಕೆ ಇಳಿಸಿ ಎಳೀಬೇಕು ಅಂದರೆ ಕೈಯೇ ಬರಲ್ಲ. ಎಳೆದರೆ ಎಲ್ಲಿ ವಾಲುತ್ತೋ ಅಂತ... ಅದಕ್ಕೆ ನೀನು, ನೀನು ಅಂತ ನಿನ್ನ ಮೇಲೆ ಹಾಕಿದೆ.

ಅಗೋ, ಶಾಮಣ್ಣನೋರು ಬರ್ತಿದ್ದಾರೆ.

ಏ, ಏನು ಮಾಡ್ತಿದ್ದೀಯಾ? ಕೈ ತೆಗಿ. ತೆಗಿ ಅಂದೆ. ಅಳಿಸಬೇಡ ಅದನ್ನ, ಅವರೂ ನೋಡಲಿ.