ಉಸಿರಿದ್ದವನಿಗೆ ಹಾಕಿದ ಹಾರ

ಮತ ಕೇಳಲು ಮನೆ ತನಕ ಬರುವವರು ಮಾತು ಕೇಳಲು ಯಾಕೆ ಬರುವುದಿಲ್ಲ? ಒಂದು ದೀರ್ಘ, ಒಂದು ಕೊಂಬು. ಅಷ್ಟು ಬರೆಯಲು ಅವರ ಹತ್ತಿರ ಶಾಯಿ ಇಲ್ಲವೇ? ಇದ್ದ ಶಾಯಿಯೆಲ್ಲ ನಮ್ಮ ಬೆರಳಿಗೆ ಹಚ್ಚಿಯೇ ಮುಗಿಯಿತೇ? ಇರಲಿ. ಒಂದು ಕಥೆ ಹೇಳುತ್ತೇನೆ, ನಡೆದದ್ದು ಅಂತಲೇ ತಿಳಿದು ಕೇಳಿ. ಊರಿನ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ಅರ್ಧ ಜನ ಎದ್ದು ಹೋಗುತ್ತೀರಿ, ಉಳಿದರ್ಧ ಜನ ಫೋನ್ ಹಚ್ಚುತ್ತೀರಿ.

ಒಂದು ತಾಲ್ಲೂಕಿಗೆ ಒಬ್ಬ ಯುವ ಶಾಸಕನಿದ್ದ. ಹುಟ್ಟು ಶ್ರೀಮಂತನಲ್ಲ. ಅಪ್ಪ ಸಂತೆಯಲ್ಲಿ ಮೆಣಸಿನಕಾಯಿ ಮಾರುವವನು. ಹಾಗಾದರೆ ಹುಡುಗ ಮೇಲೆ ಬಂದದ್ದು ಹೇಗೆ? ಸಾವಿನ ಮನೆಗಳಿಂದ. ನೋಡಿ, ಆ ಊರಲ್ಲಿ ಒಬ್ಬ ಭಜನೆ ಮಾಸ್ತರರಿದ್ದರು. ಯಾರ ಮನೆಯಲ್ಲಿ ಸಾವಾದರೂ ಅವರ ಮೇಳ ಹೋಗಿ ಹೆಣದ ಮುಂದೆ ಕುಳಿತು, ಮಣ್ಣಾಗುವವರೆಗೆ ಹಾಡುತ್ತಿತ್ತು. ಅವರ ಹಿಂದೆ ತಾಳ ಹಿಡಿದು ಕೂರುತ್ತಿದ್ದವನೇ ಈ ಹುಡುಗ. ತಾಳ ಬಿಟ್ಟರೆ ಗುದ್ದಲಿ. ಕುಣಿ ತೋಡುವುದಕ್ಕೂ ಅವನೇ ಮುಂದು. ಹೆಣಕ್ಕೆ ಹೆಗಲು ಕೊಟ್ಟವನನ್ನು ಜನ ಮರೆಯುತ್ತಾರೆಯೇ? ಮೊದಲು ಗ್ರಾಮ ಪಂಚಾಯಿತಿ, ಆಮೇಲೆ ಜಿಲ್ಲಾ ಪಂಚಾಯಿತಿ, ಮೂವತ್ತು ದಾಟುತ್ತಲೇ ವಿಧಾನಸಭೆ. ಗೆದ್ದ ದಿನ ಮಾಸ್ತರರ ಕಾಲಿಗೆ ಬಿದ್ದು ಅತ್ತ. ಅದು ನಿಜವಾದ ಅಳು.

ಗೆದ್ದ ಮೇಲೂ ಸಾವಿನ ಮನೆ ಬಿಡಲಿಲ್ಲ. ಬಿಟ್ಟದ್ದು ಕೂರುವುದನ್ನು. ಕಾರು ನಿಲ್ಲುವುದು, ಫೋಟೋದವನು ಮೊದಲು ಇಳಿಯುವುದು, ಹಾರ ಹಾಕುವುದು, ‘ತುಂಬಲಾರದ ನಷ್ಟ’ ಅನ್ನುವುದು, ಕಾರು ಹೊರಡುವುದು. ಸತ್ತವರ ಮುಖ ನೋಡಲು ಪುರುಸೊತ್ತೆಲ್ಲಿ? ಇವನ ಮುಖ ಕ್ಯಾಮೆರಾದ ಕಡೆಗೆ.

ಹೀಗಿರುವಾಗ ಊರ ಹೊರಗಿನ ರುದ್ರಭೂಮಿಯ ಪಕ್ಕ ಹೊಸ ರಸ್ತೆ ಬಂತು. ರಸ್ತೆ ಬಂದರೆ ಮಣ್ಣಿಗೆ ಬೆಲೆ. ಮಳಿಗೆ ಕಟ್ಟುತ್ತೇವೆಂದು ಶಾಸಕನ ಕಡೆಯವರು ಅಲ್ಲಿ ತಂತಿ ಬೇಲಿ ಹಾಕಿದರು. ಹೂಳಲು ಹಳ್ಳದಾಚೆಯ ಕಲ್ಲುನೆಲ ತೋರಿಸಿದರು. ಅಷ್ಟರಲ್ಲಿ ಮಾಸ್ತರರಿಗೆ ಎದೆಯ ಬೇನೆ. ಮಲಗಿದರೆ ಉಸಿರು ಸಿಗದು. ಹಗಲೂ ರಾತ್ರಿ ಗೋಡೆಗೆ ಒರಗಿ ಕುಳಿತೇ ಇರಬೇಕು. ಅವರ ಹೆಂಡತಿ ಆ ಬೇಲಿಯೊಳಗೆ ಮಣ್ಣಾಗಿದ್ದಳು. ಅವಳ ಮಗ್ಗುಲಲ್ಲಿ ತಮಗೊಂದು ಕುಣಿ, ಅಷ್ಟೇ ಅವರಿಗೆ ಉಳಿದಿದ್ದ ಆಸೆ. ‘ಆಗಲಿ’ ಅನ್ನುವ ಮಾತನ್ನು ಶಿಷ್ಯನ ಬಾಯಿಂದಲೇ ಕೇಳಿ ಸಾಯಬೇಕು.

ಮೇಳದ ಗದಿಗೆಪ್ಪ ಫೋನ್ ಮಾಡಿದ. ಎತ್ತಿದವನು ಶಾಸಕನ ಆಪ್ತ ಸಹಾಯಕ. ಅವನ ದನಿ ಹೀಗೆ, ಪೂರ್ತಿ ಮೂಗಿನಿಂದ: “ಸಾಹೇಬ್ರು ಮೀಟಿಂಗ್‌ನ್ಯಾಗ ಅದಾರ್ರೀ.” ಮರುದಿನ: “ಸಾಹೇಬ್ರು ಬೆಂಗಳೂರಾಗ ಅದಾರ್ರೀ.” ಮತ್ತೆ ಮಾಡಿದರೆ: “ಸಾಹೇಬ್ರು ದೊಡ್ಡ ಸಾಹೇಬ್ರ ಜೋಡಿ ಅದಾರ್ರೀ.”

ಗದಿಗೆಪ್ಪ ಮಹಾ ಕಿಡಿಗೇಡಿ. “ಮಾಸ್ತರ, ಅಂವ ಬದುಕಿದವರ ಮನಿಗೆ ಬರೂದಿಲ್ರೀ. ನೀವು ಒಂದ್ ತಾಸು ಸಾಯ್ರಿ,” ಅಂದ.

“ಹ್ಯಾಂಗಿದ್ರೂ ಸಾಯಾಂವ ಅದೀನಿ. ಒಂದ್ ಸಲ ತಾಲೀಮು ಆಗ್ಲಿ ಬಿಡೋ,” ಅಂದರು ಮಾಸ್ತರರು.

ಗದಿಗೆಪ್ಪ ಮಾಸ್ತರರ ತಂಗಿಯ ದನಿ ತೆಗೆದು ಫೋನಿನಲ್ಲಿ ಗೋಳಾಡಿದ: “ನಮ್ಮಣ್ಣ ಹೋಗಿಬಿಟ್ಟನ್ರಪ್ಪೋ!” ಸಹಾಯಕನ ಮೂಗು ತಟ್ಟನೆ ಸರಿಹೋಯಿತು. “ಮಣ್ಣು ಎಷ್ಟೊತ್ತಿಗ್ರೀ? ಸಾಹೇಬ್ರು ಬರ್ತಾರ.”

ನಿಮಗೆ ಗೊತ್ತು, ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಮಾಸ್ತರರು ಹೊಸದಾಗಿ ಏನೂ ಮಾಡಬೇಕಾಗಲಿಲ್ಲ. ದಿನಾ ಕೂರುವ ಹಾಗೆ ಕುಳಿತರು, ದಿನಾ ಹಚ್ಚುವ ವಿಭೂತಿ ಹಚ್ಚಿದರು, ಕಣ್ಣು ಮುಚ್ಚಿದರು. ಬದುಕಿದವನಿಗೂ ಸತ್ತವನಿಗೂ ಉಳಿದ ವ್ಯತ್ಯಾಸ ಉಸಿರೊಂದೇ. ಅದು ಕಾಣಬೇಕಾದರೆ ಮುಖ ನೋಡಬೇಕು, ಅಲ್ಲವೇ?

ಶಾಸಕ ಬಂದ. ಓಣಿಯೆಲ್ಲ ಸೇರಿತ್ತು. ಹಾರ ಹಾಕಿದ, ತಿರುಗಿದ, ಕ್ಯಾಮೆರಾದ ಮುಂದೆ ಕಣ್ಣೊರೆಸಿಕೊಂಡ. “ತುಂಬಲಾರದ ನಷ್ಟ. ನನ್ನ ಕೈಯಾಗ ತಾಳ ಕೊಟ್ಟ ಗುರುಗಳು. ಹೊಸಾ ಮಳಿಗಿ ಮುಂದಿನ ಸರ್ಕಲ್ಲಿಗೆ ಇವರದ ಹೆಸರು ಇಡ್ತೀನಿ.”

ಬೆನ್ನ ಹಿಂದಿನಿಂದ ದನಿ ಬಂತು: “ಸರ್ಕಲ್ ಬ್ಯಾಡೋ ತಮ್ಮಾ. ಅಕಿ ಮಗ್ಗಲ್ದಾಗ ನನಗೊಂದು ಕುಣಿ ಕೊಡ್ತೀಯೇನು?”

ಫೋಟೋದವನು ಹೌಹಾರಿ ಹಿಂದಕ್ಕೆ ಜಿಗಿದ. ಓಣಿ ಬಿದ್ದು ಬಿದ್ದು ನಕ್ಕಿತು. ಆಮೇಲೆ ಒಬ್ಬೊಬ್ಬರೇ ಸುಮ್ಮನಾದರು. ಯಾಕೆ? ಕೇಳಿದ ಮಾತಿಗೆ ಉತ್ತರ ಬಂದಿರಲಿಲ್ಲ. ಎಲ್ಲರ ಕಣ್ಣು ಶಾಸಕನ ಮೇಲೆ. ನೋಡಿ, ಇಂಥ ಗಳಿಗೆ ಮನುಷ್ಯನಿಗೆ ಪದೇ ಪದೇ ಸಿಗುವುದಿಲ್ಲ. ಅವನ ಕಿವಿ ಕೆಂಪಾಯಿತು. ನಾಚಿಕೆ ಬಾಗಿಲ ತನಕ ಬಂದು ನಿಂತಿತ್ತು. ಒಳಗೆ ಬಾ ಅಂದಿದ್ದರೆ ಸಾಕಿತ್ತು.

ಅಂದನೇ? ಇಲ್ಲ. ನಕ್ಕ. ಇಡೀ ಓಣಿ ನಕ್ಕದ್ದಕ್ಕಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು ನಕ್ಕ. “ನೋಡ್ರೀ ನಮ್ಮ ಗುರುಗಳ ಚಾಷ್ಟಿ! ತಗೀಪಾ ಫೋಟೋ!” ಅಂತ ಮಾಸ್ತರರ ಹೆಗಲ ಮೇಲೆ ಕೈ ಹಾಕಿದ. ಮಾಸ್ತರರು ಆ ಕೈಯನ್ನೇ ಹಿಡಿದು ಮತ್ತೆ ಕೇಳಿದರು: “ಕುಣಿ, ತಮ್ಮಾ...” ಅವನು ಇನ್ನೂ ಜೋರಾಗಿ ನಕ್ಕ. ಅವನು ನಕ್ಕನೆಂದು ಜನರೂ ನಕ್ಕರು. ಗದಿಗೆಪ್ಪನೂ ನಕ್ಕ. ನಗುತ್ತಲೇ ಶಾಸಕ ಕಾರು ಹತ್ತಿದ. ಸಂಜೆಗೆ ಎಲ್ಲರ ಫೋನಿನಲ್ಲೂ ಅದೇ ವಿಡಿಯೋ. ಎಂಥ ಸರಳ ಮನುಷ್ಯ, ತನಗೇ ಚೇಷ್ಟೆ ಮಾಡಿದರೂ ಸಿಟ್ಟಾಗಲಿಲ್ಲ!

ಆ ವಾರದಲ್ಲೇ ಮಾಸ್ತರರು ತೀರಿಕೊಂಡರು. ಹಳ್ಳದಾಚೆ ಗುದ್ದಲಿ ಹಾಕಿದಲ್ಲೆಲ್ಲ ಕಲ್ಲು, ಕಿಡಿ. ಶಾಸಕ ಬಂದ. ಹಾರ ಹಾಕುವ ಮೊದಲು ಅವರ ಮೂಗಿನ ಕೆಳಗೆ ಬೆರಳಿಟ್ಟು ನೋಡಿದ. ಖಾತ್ರಿಯಾದ ಮೇಲೆ ಹಾಕಿದ.

ಈಗ ಅವನನ್ನು ನಾಲ್ಕು ಮಾತು ಬೈದು ಮನೆಗೆ ಹೋಗಬಹುದು. ಅದು ಸುಲಭ. ಆದರೆ ಅವತ್ತು ಅವನನ್ನು ಪಾರು ಮಾಡಿದವರು ಯಾರು? ಅವನ ಜೊತೆಗೆ ನಕ್ಕವರು. ಮತ್ತೆ, ಮನೆಯಲ್ಲಿ ನೀವು ಏನು ಕಡಿಮೆ ಶಾಸಕರೇ? ಸೊಸೆ ಬಂದು “ಅತ್ತೀ, ನಾ ಮತ್ತ ಕೆಲಸಕ್ಕ ಹೋಗ್ಲೇನ್ರೀ?” ಅಂದರೆ “ನಮ್ಮ ಕಲೆಕ್ಟರ್ ಬಾಯಾರು ಹೊಂಟ್ರು ನೋಡ್ರೆವ್ವಾ!” ಅಂತ ನಕ್ಕು ತೇಲಿಸುತ್ತೀರಿ. ಆಳು ರಜೆ ಕೇಳಿದರೆ ಅವನ ಗೇಲಿ ಮಾಡಿ ಕಳಿಸುತ್ತೀರಿ. ಇಲ್ಲ ಅನ್ನುವುದು ಕಟುವೇ ಸರಿ. ಆದರೆ ಇಲ್ಲ ಅನ್ನಲೂ ಧೈರ್ಯವಿಲ್ಲದೆ ನಗುವುದಿದೆಯಲ್ಲ, ಅದು ಕ್ರೂರ. ಕೇಳಿದವರಿಗೆ ಆಗುತ್ತದೆ ಅನ್ನಿ, ಇಲ್ಲವೇ ಆಗುವುದಿಲ್ಲ ಅನ್ನಿ. ಇವತ್ತು ರಾತ್ರಿ ಊಟಕ್ಕೆ ಕೂತಾಗಲೇ ಶುರು ಮಾಡಿ.

ಇನ್ನೊಂದು. ನಿಮ್ಮ ಓಣಿಗೂ ದೊಡ್ಡವರು ಬರುತ್ತಾರೆ. ನಿಮ್ಮಲ್ಲಿ ಯಾರೋ ಒಬ್ಬರು ಹೆದರುತ್ತ ಹೆದರುತ್ತ ಗಟಾರದ್ದೋ ನೀರಿನದೋ ಮಾತೆತ್ತುತ್ತಾರೆ. ದೊಡ್ಡವರು ಗಹಗಹಿಸಿ ನಗುತ್ತಾರೆ. ಆಗ ಹಲ್ಲು ಬಿಡಬೇಡಿ. ಕೈಕಟ್ಟಿ ನಿಂತುಕೊಳ್ಳಿ, ಆ ನಗು ಪೂರ್ತಿ ಮುಗಿಯಲಿ. ಮುಗಿದ ಮೇಲೆ, ಅದೇ ಮಾತನ್ನು ಎಲ್ಲರೂ ಸೇರಿ ಮತ್ತೆ ಕೇಳಿ.