ಕರೆಯದೆ ಬಂದವನು

ಕೆಲಮಂಗಲದಿಂದ ಹೊಸೂರಿಗೆ ಹೋಗಬೇಕಿದ್ದ ಇದ್ದಿಲು ಗ್ಯಾಸಿನ ಬಸ್ಸು ಆ ಸಂಜೆ ಬರಲೇ ಇಲ್ಲ. ಯುದ್ಧ ಶುರುವಾದ ಮೇಲೆ ಅದರ ಕತೆಯೇ ಅಷ್ಟು, ಬಂದರೆ ಬಂತು. ಮಳೆ ಮಾತ್ರ ಹೇಳಿ ಕಳಿಸಿದಂತೆ ಬಂದು, ಕೆರೆಯ ಏರಿಯನ್ನೂ ಅದರಾಚೆಯ ದಿಬ್ಬವನ್ನೂ ಅಳಿಸಿ ಹಾಕಿತು. ಗೋಪೀನಾಥ ಮತ್ತು ಅವನ ಹೆಂಡತಿ ವೇದವತಿ ಓಡಿಬಂದು ಊರಿನ ಮೊದಲ ಮನೆಯ ಜಗಲಿ ಹತ್ತಿದರು. ಅದು ಅಕ್ಕಯಮ್ಮನ ಮನೆ. ಜಗಲಿಯ ಮೇಲೆ ಕಡಲೇಕಾಯಿ ಗಿಡದ ರಾಶಿ ಬಿದ್ದಿತ್ತು. ಪಕ್ಕದ ಮನೆಯ ಪಾಪಣ್ಣ, ಅವನ ಹೆಂಡತಿ ರಾಮಕ್ಕ, ನಡುವೆ ಮುದುಕಿ ಅಕ್ಕಯಮ್ಮ ಕೂತು ಕಾಯಿ ಬಿಡಿಸುತ್ತಿದ್ದರು. ಸೀಮೆಎಣ್ಣೆ ಸಿಗದ ಕಾಲ. ಹೊಂಗೆ ಎಣ್ಣೆಯ ಹಣತೆಯೊಂದು ಗೋಡೆಯ ಗೂಡಿನಲ್ಲಿ ಉರಿಯುತ್ತಿತ್ತು.

ಹೊಸೂರಿನ ಸ್ಕೂಲಿನಲ್ಲಿ ಚರಿತ್ರೆ ಕಲಿಸುವ ಗೋಪೀನಾಥ ಇಷ್ಟು ದೂರ ಬಂದದ್ದು ದಿಬ್ಬದ ಮೇಲಿನ ವಿಗ್ರಹ ನೋಡಲು. ಹಳೆಯ ಅಗಲ ಇಟ್ಟಿಗೆಗಳ ಗುಪ್ಪೆ, ತಾವರೆ ಕೆತ್ತಿದ ಒಂದು ಮುರುಕು ಕಲ್ಲು, ಅವುಗಳ ನಡುವೆ ಕಣ್ಣು ಅರೆಮುಚ್ಚಿ ಕೂತ ಬುದ್ಧ. ಮಡಿಲಲ್ಲಿ ಒಂದರ ಮೇಲೊಂದು ಇಟ್ಟ ಕೈಗಳು, ಜೋತುಬಿದ್ದ ಕಿವಿಗಳು. ಹಣೆಗೆ ಊರವರು ಬಳಿದ ಕುಂಕುಮ. ಅವರಿಗೆ ಅವನು ಕೂತ ಮುನಿಯಪ್ಪ. ಗೋಪೀನಾಥನಿಗೆ ಹಿಡಿಸಲಾರದ ಸಂತೋಷ. ವೇದವತಿಗೆ ಸೀರೆಯ ತುಂಬ ಮುಳ್ಳು. "ಸಾಕು, ಹೋಗೋಣ" ಎಂದದ್ದಕ್ಕೆ ಅವನು, "ನಿನಗೆಲ್ಲಿ ಅರ್ಥವಾಗಬೇಕು ಇದೆಲ್ಲ" ಎಂದುಬಿಟ್ಟಿದ್ದ. ಆಮೇಲೆ ಅವಳಿಗೆ ಬೆನ್ನು ಹಾಕಿ ವಿಗ್ರಹದ ಮುಂದೆ ಕೂತುಬಿಟ್ಟಿದ್ದ. ಆಗಿನಿಂದ ಇಬ್ಬರಿಗೂ ನೆಟ್ಟಗೆ ಮಾತಿಲ್ಲ.

"ಏನ್ ಮೇಷ್ಟ್ರೇ, ನಮ್ ಮುನಿಯಪ್ಪನ್ನ ಬುದ್ಧ ಅಂತೀರಂತೆ?" ಎಂದ ಪಾಪಣ್ಣ. "ಅಂಗಾದ್ರೆ ನಮ್ ತಾತನ ಕಾಲದಿಂದ ಇಟ್ಟ ಕುಂಕುಮ ಯಾರ ಹಣೆಗೆ ಹೋಯ್ತು?"

"ನಿನ್ ಹಣೆಗಂತೂ ಬರ್ಲಿಲ್ಲ ಬಿಡು" ಎಂದಳು ರಾಮಕ್ಕ.

ಅಕ್ಕಯಮ್ಮ ನಗಲಿಲ್ಲ. "ಯಾರಾದ್ರೇನ್ಲಾ ಪಾಪಣ್ಣ. ಕೂತವ್ನಲ್ಲ, ಅದಷ್ಟೇ ನಮ್ಗೆ ಬೇಕಾಗಿರೋದು" ಎಂದು ಗೋಪೀನಾಥನ ಕಡೆ ತಿರುಗಿದಳು. "ಅಲ್ಲ ಮೇಷ್ಟ್ರೇ, ನೀವು ಅವನ ಮುಂದೆ ಕೂತಿದ್ರಾ? ಎಬ್ಬಿಸಿದ್ದು ಯಾರು?"

"ನಾನೇ ಅಜ್ಜಿ" ಎಂದಳು ವೇದವತಿ. "ಮಳೆ ಬಂತು ಏಳಿ ಅಂತ ಎಷ್ಟು ಸಲ ಕೂಗಿದೆ! ಕಿವಿ ಇಲ್ಲದವರ ಹಾಗೆ ಕೂತಿದ್ರು."

"ಕೋಪ ಮಾಡ್ಕಂಡು ಕೂತಿದ್ರಾ?"

ವೇದವತಿ ಗಂಡನ ಕಡೆಯಿಂದ ಮುಖ ತಿರುಗಿಸಿದಳು. ಮುದುಕಿಗೆ ಉತ್ತರ ಸಿಕ್ಕಿತು. ಗೋಪೀನಾಥ ನಗುತ್ತ, "ಯಾಕಜ್ಜಿ, ಕೂತರೆ ಏನಾಗುತ್ತೆ?" ಎಂದ. ಅಕ್ಕಯಮ್ಮ ಕೈಯ ಮಣ್ಣು ಕೊಡವಿಕೊಂಡಳು. ರಾಮಕ್ಕ ಹಣತೆಯ ಬತ್ತಿ ಮುಂದಕ್ಕೆ ಎಳೆದಳು. ಸದಾ ವಟಗುಟ್ಟುವ ಪಾಪಣ್ಣ ಕೂಡ ಕಾಲು ಮಡಿಸಿ ಕೂತ.

"ಕೇಳ್ರಪ್ಪ ಅಂಗಾದ್ರೆ... ನಮ್ಮೂರಾಗೆ ಒಂದು ಪದ್ಧತಿ ಐತೆ. ಮನೇಲಿ ಜಗಳ ಆಗಿ ಕೋಪ ನೆತ್ತಿಗೇರಿದ್ರೆ, ಗಂಡಾಗ್ಲಿ ಹೆಣ್ಣಾಗ್ಲಿ, ಹೋಗಿ ಮುನಿಯಪ್ಪನ ಮುಂದೆ ಕೂರೋದು. ಅವನು ಕೋಪಾನ ಈಸ್ಕತಾನೆ. ಈಸ್ಕಂಡು ತಣ್ಣಗೆ ಮಾಡ್ತಾನೆ. ಆದ್ರೆ ದೀಪ ಹಚ್ಚೋದ್ರೊಳಗೆ ಮನೆಯೋರು ಹೋಗಿ ಕರೀಬೇಕು... ಏಳು, ಮನೆಗ್ ಬಾ ಅಂತ. ಕರೆದೋರು ಸೋತಂಗೆ, ಜಗಳ ಮುಗಿದಂಗೆ. ಕರೆಯೋಗಂಟ ಕೂತೋರು ಏಳಂಗಿಲ್ಲ.

ಈ ಊರಾಗೆ ಕದಿರಪ್ಪ ಅಂತ ಒಬ್ಬ ಇದ್ದ. ಅವನ ಹೆಂಡ್ತಿ ದೊಡ್ಡಮುನಿಯಮ್ಮ, ಅಂಚೆಟ್ಟಿ ಕಡೆಯ ಹೆಣ್ಣು, ಇನ್ನೂ ಮಕ್ಕಳಿರ್ಲಿಲ್ಲ. ಅವನ ಗಂಟ್ಲು ಏನಂತೀರಾ... ಇಲ್ಲಿ ನಿಂತು ಎತ್ತನ್ನ ಕೂಗಿದ್ರೆ ಕೆರೆ ಆಚೆ ಎತ್ತು ತಿರುಗಿ ನೋಡ್ತಿದ್ವು! ನೇಗಿಲು ಹಿಡಿದ್ರೆ ಪದ, ಮನೆಗ್ ಬಂದ್ರೆ ಬೈಗುಳ. ಉಪ್ಪು ಜಾಸ್ತಿ ಆದ್ರೆ ಉಣ್ಣೋ ತಣಿಗೆ ಅಂಗಳಕ್ಕೆ ಹಾರೋದು. ಎಷ್ಟೋ ಸಲ ಕೈಯೂ ಮಾಡ್ತಿದ್ದ. ಮಾರನೇ ದಿನ ಸೂಳಗಿರಿ ಸಂತೆಯಿಂದ ಬಳೆ ತಂದು ತಾನೇ ತೊಡಿಸ್ತಿದ್ದ. ಅಂಥೋನು.

ಒಂದ್ಸಲ ಅವಳ ತಮ್ಮನ ಮದುವೆ ಬಂತು. ಹೋಗಂಗಿಲ್ಲ ಅಂದ. ಇವಳು ಹೋಗೇ ಹೋಗ್ತೀನಿ ಅಂದ್ಳು. ಮಾತಿಗೆ ಮಾತು ಬೆಳೀತು, ಅವನು ಕೈ ಎತ್ತಿದೋನು ಅದ್ಯಾಕೋ ಇಳಿಸಿ, ಕಂಬಳಿ ಹೆಗಲಿಗೆ ಹಾಕ್ಕಂಡು ಹೋಗಿ ಮುನಿಯಪ್ಪನ ಮುಂದೆ ಕೂತುಬುಟ್ಟ. ಹೊತ್ತು ಇಳೀತು. ಅತ್ತೆ ಹೇಳಿದ್ಳು, ಹೋಗಿ ಕರಿಯೇ ಅಂತ. ಇವಳು, ಪ್ರತಿ ಸಲ ನಾನೇ ಯಾಕೆ ಸೋಲ್ಬೇಕು, ಕಾಲಿಲ್ವಾ ಅವನಿಗೆ, ಬತ್ತಾನೆ ಅಂದ್ಳು. ತಪ್ಪು ಅಂತೀರಾ? ನೀವೇ ಹೇಳಿ... ಅವಳ ಜಾಗದಾಗೆ ನೀವಿದ್ರೆ ಹೋಗ್ತಿದ್ರಾ?

ದೀಪ ಹಚ್ಚಿದ್ಳು. ಹಚ್ಚಿ ತಿರುಗ್ತಾಳೆ... ಬಾಗಿಲಾಗೆ ನಿಂತವ್ನೆ.

ಕರೆದಿಲ್ಲ, ಬಂದವ್ನೆ. ಗೆದ್ದೆ ಅಂದ್ಕಂಡ್ಳು. ಅವನು ಬಂದು ಕೂತ, ಹಾಕಿದ್ದು ಉಂಡ, ತಮ್ಮನ ಮದುವೆಗೆ ಹೋಗ್ಬಾ ಅಂದ. ಅಷ್ಟು ಮೆತ್ತಗೆ! ಆವತ್ತಿಂದ ಆ ಮನೇಲಿ ಒಂದು ಕೂಗು ಎದ್ದಿಲ್ಲ. ಉಪ್ಪು ಹಾಕೋದು ಮರೆತ್ರೂ ಉಣ್ತಿದ್ದ. ಬೇಕಂತ ಮರೆತು ನೋಡಿದ್ಳು, ಉಂಡ. ನೇಗಿಲು ಹಿಡಿದ, ಪದ ಹಾಡ್ಲಿಲ್ಲ. ಎತ್ತು ಮಾತ್ರ ಅವನು ಹತ್ರ ಬಂದ್ರೆ ಮೇವು ಬಿಟ್ಟು ನಿಂತ್ಕಳೋವು. ಅವಳಿಗೇನು? ಒಂದ್ ದಿನ ಕೋಲು ಮುಟ್ಟಲ್ಲ, ಒಂದ್ ಮಾತು ಬಿರುಸಾಗಿ ಆಡಲ್ಲ. ಇಂಥ ಗಂಡ ಯಾರಿಗ್ ಸಿಕ್ತಾನೆ?

ಹಿಂಗಿರೋವಾಗ ಆಡು ಮೇಯಿಸೋ ಸೊಣ್ಣಪ್ಪ ಬಂದು ಕೇಳಿದ, ಏನಕ್ಕ, ನಿನ್ ಹಠ ಇನ್ನೂ ಇಳೀಲಿಲ್ವಾ, ಗಂಡನ್ನ ಯಾವಾಗ್ ಕರೀತೀಯ, ಅಲ್ಲೇ ಕೂತವ್ನಲ್ಲ ಅಂತ. ಥೂ ಮೂದೇವಿ, ಹೆಂಡ ಕುಡಿದಿದೀಯಾ, ಅವನು ಕೊಟ್ಟಿಗೇಲವ್ನೆ ಅಂದ್ಳು. ಸೊಣ್ಣಪ್ಪ ಕೊಟ್ಟಿಗೆ ಇಣುಕಿ ನೋಡಿದ. ನೋಡ್ದೋನು ಮಾತಾಡ್ದೆ ಆಡು ಹೊಡ್ಕಂಡು ಹೋದ.

ಅವಳಿಗೆ ತಡೀಲಿಲ್ಲ. ಇಂಥದೇ ಸಂಜೆ, ಇಂಥದೇ ಮಳೆ. ದಿಬ್ಬ ಹತ್ತಿದ್ಳು. ಮುನಿಯಪ್ಪನ ಮುಂದೆ... ಅದೇ ಕಂಬಳಿ, ಅದೇ ಬೆನ್ನು. ಮಳೆ ಸುರೀತೈತೆ, ಕೂತವ್ನೆ. ಭುಜ ನಡುಗ್ತೈತೆ. ಒಳಗೇ ಏನೋ ಗೊಣಗ್ತವ್ನೆ, ಕಿವಿ ಕೊಟ್ಟು ಕೇಳಿದ್ರೆ ಬೈಗುಳ... ಇವಳನ್ನೇ ಬೈತವ್ನೆ! ಅವಳಿಗೆ ಅಳು ಬಂತು. ಏಳು, ಮನೆಗ್ ಬಾ ಅಂತ ಕರೆದ್ಳು.

ಕೂತೋನು ಕೈ ಊರಿದ, ಏಳೋಕೆ. ಅಷ್ಟ್ರಾಗೆ ಬೆನ್ನ ಹಿಂದಿಂದ ಮೆತ್ತಗೆ... ಬಂದೆ ಕಣೇ ಅಂತ.

ತಿರುಗಿ ನೋಡಿದ್ರೆ ಮನೇಲಿದ್ದೋನು. ಅವಳಿಗೆ ಹೊದಿಸೋಕೆ ಗೋಣಿಚೀಲದ ಕೊಪ್ಪೆ ತಂದವ್ನೆ. ನಡಿ, ನೆನೀತೀಯ ಅಂದ."

ಅಕ್ಕಯಮ್ಮ ಮತ್ತೊಂದು ಗಿಡ ಕೈಗೆತ್ತಿಕೊಂಡಳು. ಸೂರಿನ ನೀರು ಕಲ್ಲಿನ ಮೇಲೆ ಒಂದೇ ಸಮ ಬೀಳುತ್ತಿತ್ತು.

"ಇನ್ನೊಂದು ಸಲ ಕರೀಬೇಕಿತ್ತು!" ಎಂದಳು ವೇದವತಿ.

"ಕರೀಬೇಕಿತ್ತು ಕಣ್ ಮಗಳೇ. ಬಾಯೂ ತೆಗೆದ್ಳು. ಮುಂದೆ ಬೈಯ್ಯೋನು, ಹಿಂದೆ ಕೊಪ್ಪೆ ಹಿಡಿದೋನು... ಮುಂದಿರೋನು ಎದ್ದು ಬಂದ್ರೆ ತಣಿಗೆ ಹಾರ್ತೈತೆ, ಕೈ ಏಳ್ತೈತೆ. ಬಳೆನೂ ಬತ್ತೈತೆ, ಪದಾನೂ ಬತ್ತೈತೆ, ಇಲ್ಲ ಅನ್ನಲ್ಲ. ಆದ್ರೂ ಹಿಂದಿರೋನು ಬಂದ್ಮೇಲೆ ಅವಳು ಎಷ್ಟು ರಾತ್ರಿ ನೆಮ್ಮದಿಯಾಗಿ ಮಲಗಿದ್ಳೋ! ಬಾಯಿ ಮುಚ್ಚಿದ್ಳು. ಕೊಪ್ಪೆ ಹೊದ್ಕಂಡು ಇಳಿದುಬುಟ್ಳು. ಇದನ್ನ ಸಾಯೋವಾಗ ಒಬ್ಬರಿಗೇ ಹೇಳಿದ್ದು... ಮಗಳಿಗೆ."

ಗೋಪೀನಾಥ ಮುಂದಕ್ಕೆ ಬಾಗಿ ಕೇಳಿದ. "ಮಕ್ಕಳಿರಲಿಲ್ಲ ಅಂದ್ರಲ್ಲ?"

"ಆಗ ಇರ್ಲಿಲ್ಲ. ನಾನು ಹುಟ್ಟಿದ್ದು ಅದರ ಮಾರನೇ ವರ್ಷ."

ಪಾಪಣ್ಣ ತಲೆ ತಗ್ಗಿಸಿದ್ದ. ರಾಮಕ್ಕ ಕಾಯಿ ಬಿಡಿಸುತ್ತಲೇ ಇದ್ದಳು. ಅವಳು ಯಾರ ಮಗಳು ಎನ್ನುವುದು ಊರಿಗೆಲ್ಲ ಗೊತ್ತಿದ್ದ ಮಾತು ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

"ಹಾಗಾದರೆ ಅಲ್ಲಿರೋರು..." ಎಂದಳು ವೇದವತಿ.

"ಕೂತವ್ನೆ. ಕಾಣೋರಿಗೆ ಕಾಣ್ತಾನೆ. ಮನೆಯೋರು ಅಂತ ಉಳಿದಿರೋಳು ನಾನೊಬ್ಳೇ. ನಾನು ಕರೆದ್ರೆ ಎದ್ದು ಬಂದಾನು. ಆದ್ರೆ ಏನಂತ ಕರೀಲಿ ಹೇಳಿ? ಅಪ್ಪ ಅಂತ ಹೆಂಗ್ ಕರೀಲಿ? ಅವನು ಬಂದ್ರೆ ಇವನು ಎಲ್ಲಿಗೆ ಹೋಗ್ಬೇಕು?"

ಇವನು ಯಾರು ಎಂದು ಗೋಪೀನಾಥ ಕೇಳುವ ಮೊದಲೇ ಒಳಮನೆಯಿಂದ ಒಂದು ದನಿ ಬಂತು. ಗಂಡಸಿನ ದನಿ. ಮುಪ್ಪಿನ ನಡುಕ ಅದರಲ್ಲಿರಲಿಲ್ಲ, ಮೂವತ್ತರ ಆಸುಪಾಸಿನವನದು, ಬಹಳ ಮೆತ್ತಗೆ.

"ಅಕ್ಕಯ್ಯಾ, ಬಂದೋರನ್ನ ಆಚೆ ಕೂರಿಸಿದೀಯಲ್ಲ ಮಗಾ. ಒಳಕ್ ಕರಿಯವ್ವ, ಮುದ್ದೆ ಆಗೈತೆ."

ನರೆತ ತಲೆಯ ಮುದುಕಿ ಸೆರಗು ಸರಿಮಾಡಿಕೊಂಡು, ಹಲ್ಲಿಲ್ಲದ ಬಾಯಿ ತುಂಬ ನಕ್ಕು, ಮೊಣಕಾಲಿಗೆ ಕೈ ಊರಿ ಎದ್ದಳು.

"ಬಂದೆ ಕಣಪ್ಪ" ಎಂದಳು.